ಗಂಧದೆಣ್ಣೆಯ ಲೆಕ್ಕ: ಟನ್ನಿಗೆ ಎಷ್ಟು ಕಿಲೋ ಸ್ಯಾಂಟಲಾಲ್?

1900ರಲ್ಲಿ ಭಾರತದ ಶ್ರೀಗಂಧ ಟನ್ನಿಗೆ 365 ರೂಪಾಯಿಗೆ ಮಾರಾಟವಾಗುತ್ತಿತ್ತು. 1999-2000ರಲ್ಲಿ ಅದು 6.5 ಲಕ್ಷ ರೂಪಾಯಿ, 2007ರಲ್ಲಿ 37 ಲಕ್ಷ ರೂಪಾಯಿ. ಮೊದಲ ನೂರು ವರ್ಷಗಳಲ್ಲಿ ಬೆಲೆಯ ಸರಾಸರಿ ವಾರ್ಷಿಕ ಏರಿಕೆ ಶೇ. 7.8ರಷ್ಟಿದ್ದರೆ, ನಂತರದ ಏಳು ವರ್ಷಗಳಲ್ಲಿ ಅದು ಶೇ. 28ರಷ್ಟಾಯಿತು.

ಇದೇ ಅವಧಿಯಲ್ಲಿ ಪೂರೈಕೆ ಕುಸಿಯಿತು. 1950ರ ದಶಕದಲ್ಲಿ ದೇಶದ ವಾರ್ಷಿಕ ಉತ್ಪಾದನೆ ಸುಮಾರು 4,000 ಟನ್ ಚೇಗು (ಕಾಂಡ ಮತ್ತು ಬೇರಿನ ಒಳಗಿನ, ಬಣ್ಣ ತಿರುಗಿದ ಗಟ್ಟಿ ಭಾಗ). 2007ರ ಹೊತ್ತಿಗೆ ಅದು ಸುಮಾರು 500 ಟನ್‌ಗೆ ಇಳಿದಿತ್ತು, ಅಂದರೆ ಶೇ. 87ಕ್ಕೂ ಹೆಚ್ಚು ಇಳಿಕೆ. ಶ್ರೀಗಂಧ ಕಾಡಿನಲ್ಲಿ ತಾನಾಗಿ ಬೆಳೆಯುವ ಪ್ರದೇಶ ಕರ್ನಾಟಕದಲ್ಲಿ 5,245 ಚದರ ಕಿ.ಮೀ., ತಮಿಳುನಾಡಿನಲ್ಲಿ 3,040 ಚದರ ಕಿ.ಮೀ. ಎಂದು ದಾಖಲಾಗಿದೆ. ಎರಡೂ ಸೇರಿದ ವಿಸ್ತೀರ್ಣದಲ್ಲಿ ಕರ್ನಾಟಕದ ಪಾಲು ಶೇ. 63.

ಈ ಬೆಲೆ ಮುಖ್ಯವಾಗಿ ಎರಡು ಸಂಯುಕ್ತಗಳಿಗೆ ಸಲ್ಲುವ ಬೆಲೆ: ಆಲ್ಫಾ-ಸ್ಯಾಂಟಲಾಲ್ ಮತ್ತು ಬೀಟಾ-ಸ್ಯಾಂಟಲಾಲ್. ಎರಡೂ ಸೆಸ್ಕ್ವಿಟರ್ಪೀನ್ ಆಲ್ಕೊಹಾಲ್‌ಗಳು, ಅಂದರೆ 15 ಇಂಗಾಲದ ಪರಮಾಣುಗಳ ಚೌಕಟ್ಟಿನ, ನಿಧಾನವಾಗಿ ಆವಿಯಾಗುವ ಪದಾರ್ಥಗಳು. 2002ರ ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 3518ರ ಪ್ರಕಾರ ಎಣ್ಣೆಯಲ್ಲಿ ಮೊದಲನೆಯದು ಶೇ. 41ರಿಂದ 55, ಎರಡನೆಯದು ಶೇ. 16ರಿಂದ 24 ಇರಬೇಕು. ಎರಡರ ಕನಿಷ್ಠ ಮೊತ್ತ ಶೇ. 57.

ಹಳೆಯ ಮಾನದಂಡ ಕೇಳುತ್ತಿದ್ದುದು ಶೇ. 90 ಸ್ಯಾಂಟಲಾಲ್. ಆದರೆ ಆ ಕಾಲದ ರಾಸಾಯನಿಕ ಪರೀಕ್ಷೆ ಎಣ್ಣೆಯಲ್ಲಿರುವ ಎಲ್ಲ ಆಲ್ಕೊಹಾಲ್‌ಗಳನ್ನೂ ಒಟ್ಟುಗೂಡಿಸಿ ಸ್ಯಾಂಟಲಾಲ್ ಲೆಕ್ಕಕ್ಕೆ ಹಾಕುತ್ತಿತ್ತು. ಗ್ಯಾಸ್ ಕ್ರೊಮಟೋಗ್ರಫಿ, ಅಂದರೆ ಎಣ್ಣೆಯನ್ನು ಆವಿಯಾಗಿಸಿ ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ, ಅವನ್ನು ಒಂದೊಂದಾಗಿ ಎಣಿಸುತ್ತದೆ. 2004ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಈ ವಿಧಾನದಲ್ಲಿ ಗಂಧದೆಣ್ಣೆಯ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 90ರ ಗುರಿಯನ್ನು ಒಂದೂ ಮುಟ್ಟಲಿಲ್ಲ. 2002ರ ಮಾನದಂಡವನ್ನು ಪೂರೈಸಿದವು ಸುಮಾರು ಅರ್ಧದಷ್ಟು.

ಮರದ ವಯಸ್ಸಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಸುತ್ತಳತೆ 50 ಸೆಂ.ಮೀ. ಮೀರದ ಎಳೆಯ ಮರದ ಚೇಗಿನಲ್ಲಿ ಎಣ್ಣೆಯ ಪ್ರಮಾಣ ಶೇ. 0.2ರಿಂದ 2. ಬಲಿತ ಮರದಲ್ಲಿ ಶೇ. 2ರಿಂದ 6.2. ಹಳೆಯ ಪರೀಕ್ಷಾ ಕ್ರಮದಲ್ಲಿ ಅಳೆದಾಗ ಎಳೆಯ ಮರದ ಎಣ್ಣೆಯಲ್ಲಿ ಒಟ್ಟು ಸ್ಯಾಂಟಲಾಲ್ ಸುಮಾರು ಶೇ. 85, ಬಲಿತ ಮರದ್ದರಲ್ಲಿ ಶೇ. 90ಕ್ಕೂ ಹೆಚ್ಚು. ಒಂದೇ ಮರದಲ್ಲೂ ವ್ಯತ್ಯಾಸವಿದೆ: ಬೇರಿನಲ್ಲಿ ಎಣ್ಣೆ ಶೇ. 10ರವರೆಗೆ ಸಿಗುತ್ತದೆ, ತುದಿಯತ್ತ ಹೋದಂತೆ ಇಳಿಯುತ್ತದೆ. ಶ್ರೀಗಂಧವನ್ನು ಕಡಿಯದೆ ಬೇರುಸಹಿತ ಕೀಳುವುದು ಇದೇ ಕಾರಣಕ್ಕೆ.

ಈ ಶೇಕಡಾವಾರುಗಳನ್ನು ರೂಪಾಯಿಗೆ ಇಳಿಸಿ ನೋಡಬಹುದು. 2007ರ 37 ಲಕ್ಷ ರೂಪಾಯಿಯನ್ನೇ ಎರಡೂ ಬಗೆಯ ಮರಕ್ಕೆ ಇಟ್ಟುಕೊಳ್ಳೋಣ. ಶೇ. 4 ಎಣ್ಣೆಯಿರುವ ಬಲಿತ ಚೇಗಿನ ಒಂದು ಟನ್ನಿನಿಂದ 40 ಕಿಲೋ ಎಣ್ಣೆ ಇಳಿಯುತ್ತದೆ. ಕಿಲೋ ಎಣ್ಣೆಗೆ ಮರದ ಖರ್ಚು 92,500 ರೂಪಾಯಿ. ಶೇ. 1 ಎಣ್ಣೆಯಿರುವ ಎಳೆಯ ಚೇಗಿನಿಂದ ಇಳಿಯುವುದು 10 ಕಿಲೋ, ಖರ್ಚು 3.7 ಲಕ್ಷ ರೂಪಾಯಿ. ಹಳೆಯ ಪರೀಕ್ಷೆಯ ಶೇ. 90 ಮತ್ತು 85ರ ಅಂಕಿಗಳನ್ನು ಹಿಡಿದು ಸ್ಯಾಂಟಲಾಲ್ ಲೆಕ್ಕಕ್ಕೆ ತಂದರೆ ಕಿಲೋಗೆ ಕ್ರಮವಾಗಿ ಸುಮಾರು 1.03 ಲಕ್ಷ ಮತ್ತು 4.35 ಲಕ್ಷ ರೂಪಾಯಿ. ಬಟ್ಟಿ ಇಳಿಸುವ ಖರ್ಚು ಇದರಲ್ಲಿ ಸೇರಿಲ್ಲ.

ಪೈಪೋಟಿಗಿರುವ ಆಸ್ಟ್ರೇಲಿಯಾದ ಕಾಡುಗಂಧ, ಸ್ಯಾಂಟಲಮ್ ಸ್ಪೈಕೇಟಮ್, ಬೇರೆಯೇ ಪ್ರಭೇದ. ಅದಕ್ಕೆ ನಿಗದಿಯಾದ ಮಾನದಂಡದಲ್ಲಿ ಆಲ್ಫಾ-ಸ್ಯಾಂಟಲಾಲ್ ಶೇ. 15ರಿಂದ 25, ಬೀಟಾ ಶೇ. 5ರಿಂದ 20. ಕನಿಷ್ಠ ಮೊತ್ತ ಶೇ. 20, ನಮ್ಮ ಶ್ರೀಗಂಧದ ಶೇ. 57ಕ್ಕೆ ಹೋಲಿಸಿದರೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು.

ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು, ಅಂದರೆ ರಾಜ್ಯದ ಸೊತ್ತೆಂದು, ಸಾರಿದ. ಕರ್ನಾಟಕ 2001ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಜಮೀನಿನ ಮಾಲೀಕನೇ ಮರದ ಮಾಲೀಕನೆಂದು ಒಪ್ಪಿತು. ನಡುವಿನ ಅವಧಿ 209 ವರ್ಷ. ಅಲ್ಲಿಂದೀಚೆಗೆ ನೆಟ್ಟ ರೈತನ ಮುಂದಿರುವ ಪ್ರಶ್ನೆ, ಎಷ್ಟನೇ ವರ್ಷಕ್ಕೆ ಕೀಳುವುದು ಎಂಬುದು.

ಮರದ ಸಾಂಪ್ರದಾಯಿಕ ವರ್ಗೀಕರಣ ಇದಕ್ಕೆ ಉತ್ತರ ಕೊಡುವುದಿಲ್ಲ. ಗಂಧದ ಕೊರಡುಗಳನ್ನು 18 ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಮೊದಲ ದರ್ಜೆಯಾದ ವಿಲಾಯತ್ ಬುದ್‌ಗೆ ಕೊರಡೊಂದು ಕನಿಷ್ಠ 9 ಕಿಲೋ ತೂಗಬೇಕು, ದೋಷವಿರಬಾರದು, ಟನ್ನಿಗೆ 112 ಕೊರಡು ಮೀರಬಾರದು. ಎಣ್ಣೆಯ ಶೇಕಡಾವಾರು ಈ ನಿಯಮದಲ್ಲಿಲ್ಲ. ಎಣ್ಣೆಯ ಬಗ್ಗೆ ಮೇಲೆ ಕೊಟ್ಟ ಕನಿಷ್ಠ ಅಂಕಿಗಳ (ಎಣ್ಣೆ ಶೇ. 0.2, ಅದರಲ್ಲಿ ಸ್ಯಾಂಟಲಾಲ್ ಶೇ. 85) ಪ್ರಕಾರ ಎಳೆಯ ಚೇಗಿನ ಒಂದು ಟನ್ನಿನಲ್ಲಿರುವುದು 1.7 ಕಿಲೋ ಸ್ಯಾಂಟಲಾಲ್. ಎಣ್ಣೆಯ ಗರಿಷ್ಠ ಅಂಕಿಯ (ಶೇ. 6.2, ಅದರಲ್ಲಿ ಸ್ಯಾಂಟಲಾಲ್ ಶೇ. 90) ಪ್ರಕಾರ ಬಲಿತ ಚೇಗಿನಲ್ಲಿ 55.8 ಕಿಲೋ. ತಕ್ಕಡಿಯಲ್ಲಿ ಎರಡರ ತೂಕವೂ ಒಂದೇ ಟನ್. ವ್ಯತ್ಯಾಸ ಸುಮಾರು 33 ಪಟ್ಟು. ಎಣ್ಣೆಗಾಗಿ ಮಾರುವ ಮರಕ್ಕೆ ತೂಕದ ಚೀಟಿಯ ಜೊತೆ ಕ್ರೊಮಟೋಗ್ರಫಿ ವರದಿಯನ್ನೂ ಲಗತ್ತಿಸಿದರೆ, ಮರವನ್ನು ಬಲಿಯಲು ಬಿಟ್ಟ ರೈತನಿಗೆ ಈ ವ್ಯತ್ಯಾಸ ರೂಪಾಯಿಯಲ್ಲಿ ಸಿಗುತ್ತದೆ.