ಕಿರಿದಾದ ನಾಳ, ಮರಳಿ ಬರುವ ತಡೆ

ಶ್ರೀನಿವಾಸಪುರದ ತೋಪಿನಲ್ಲಿ ಮಾವಿನಕಾಯಿ ಕೀಳುವವನೊಬ್ಬ ಜಾರಿ, ಕೊಂಬೆಯ ಮೇಲೆ ಇಬ್ಬದಿಗೆ ಕಾಲಾಗಿ ಬಿದ್ದನೆನ್ನೋಣ. ಅಥವಾ ಮಾಲೂರಿನ ಹೆಂಚು ಹೊತ್ತ ಲಾರಿ ಕೋಲಾರ, ಮುಳಬಾಗಿಲುಗಳ ಹೆದ್ದಾರಿಯಲ್ಲಿ ಮಗುಚಿ ಚಾಲಕನ ಸೊಂಟದ ಮೂಳೆ ಮುರಿಯಿತೆನ್ನೋಣ. ಗಾಯ ಮಾಯುತ್ತದೆ. ಆದರೆ ಕೆಲವು ತಿಂಗಳುಗಳಲ್ಲಿ ಮೂತ್ರದ ಧಾರೆ ಸಣ್ಣಗಾಗತೊಡಗಬಹುದು. ಪೆಟ್ಟು ಬಿದ್ದೆಡೆ ಗಡುಸಾದ ಕಲೆ ಬೆಳೆದು ಮೂತ್ರನಾಳವನ್ನು ಒಳಗಿನಿಂದ ಬಿಗಿದಿರುತ್ತದೆ. ಕೆಲವು ಸೋಂಕುಗಳಿಂದಲೂ, ಒರಟಾಗಿ ತೂರಿಸಿದ ಕ್ಯಾಥೆಟರಿನಿಂದಲೂ ಹೀಗಾಗುವುದುಂಟು.

ಭೌತಶಾಸ್ತ್ರವನ್ನು ಓದುವ ನಮಗೆ ಇಲ್ಲಿ ಪರಿಚಿತ ನಿಯಮವೊಂದು ಎದುರಾಗುತ್ತದೆ. ಕಿರುನಾಳದಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು 19ನೆಯ ಶತಮಾನದಲ್ಲಿ ಪ್ಯಾರಿಸಿನ ವೈದ್ಯ ಪ್ವಾಜೈ ತೋರಿಸಿದನು. ಒತ್ತಡ ಅಷ್ಟೇ ಇದ್ದು ತ್ರಿಜ್ಯ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೇಹದ ನಾಳ ಗಾಜಿನ ಕೊಳವೆಯಲ್ಲ; ಅದು ಹಿಗ್ಗುತ್ತದೆ, ಅದರೊಳಗಿನ ಹರಿವು ಸುಳಿಯುತ್ತದೆ. ಆದುದರಿಂದ ಲೆಕ್ಕ ನಿಖರವಾಗದು. ಆದರೂ ಅದು ತೋರುವ ದಿಕ್ಕು ಸರಿ. ಸಾಲದುದಕ್ಕೆ ಮೂತ್ರಕೋಶದ ಸ್ನಾಯು ಹೆಚ್ಚು ಬಲದಿಂದ ಒತ್ತಿ ಕೊರತೆಯನ್ನು ಬಹುಕಾಲ ಮರೆಮಾಡುತ್ತದೆ. ನಾಳದ ವ್ಯಾಸ ಸುಮಾರು 3 ಮಿಲಿಮೀಟರಿಗೆ ಇಳಿಯುವವರೆಗೆ ಎಷ್ಟೋ ಮಂದಿಗೆ ತೊಂದರೆಯೇ ತಿಳಿಯದು.

ಹಿಗ್ಗಿಸಿದರೆ ಸಾಲದೆ? ಉಪಾಯ ಬಹು ಹಳೆಯದು. ಮುಂದೊಗಲು ಬಿಗಿದು ಮೂತ್ರ ತಡೆಯುವ ರೋಗಕ್ಕೆ, ತುಪ್ಪ ಸವರಿದ ನಳಿಕೆಯನ್ನು ಇಟ್ಟು ಮೂರು ದಿನಕ್ಕೊಮ್ಮೆ ಇನ್ನೂ ದಪ್ಪನೆಯದನ್ನು ತೂರಿಸಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಇಂದಿನ ವೈದ್ಯರು ದರ್ಶಕ ನಳಿಕೆಯ ಮೂಲಕ ನೋಡುತ್ತ ಕಲೆಯನ್ನು ಸೀಳಿ, ಕ್ಯಾಥೆಟರನ್ನು ಇರಿಸುತ್ತಾರೆ. ಕ್ಯಾಥೆಟರಿನ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಅದರ ಹೊರವ್ಯಾಸ ಮಿಲಿಮೀಟರುಗಳಲ್ಲಿ ಸಿಕ್ಕುತ್ತದೆ. 16ರ ಕ್ಯಾಥೆಟರ್ ಸುಮಾರು 5.3 ಮಿಲಿಮೀಟರ್.

ತೊಡಕಿರುವುದು ಇಲ್ಲಿಯೇ. ಸೀಳಿದ್ದೂ ಒಂದು ಗಾಯವೇ. ಅದು ಮಾಯುವಾಗ ಜೀವಕಣಗಳು ಅಂಚುಗಳನ್ನು ಎಳೆದು ಬಿಗಿಯುತ್ತವೆ. ತಡೆ ಮರಳಿ ಬರುತ್ತದೆ. ಕ್ಯಾಥೆಟರನ್ನು ವಾರಗಟ್ಟಲೆ ಬಿಟ್ಟರೆ ನಾಳ ಅದರ ಅಚ್ಚಿಗೇ ನಿಂತೀತೆಂದು ತೋರುವುದು ಸಹಜ. ಹಾಗೇನೂ ಆಗದು. ಸರಳವಾದ ಸೀಳಿಕೆಯ ನಂತರ ಅದನ್ನು ಮೂರು ದಿನಗಳೊಳಗೆ ತೆಗೆಯಬಹುದು. ಹೆಚ್ಚು ಕಾಲವಿದ್ದರೆ ಸೋಂಕಿಗೇ ದಾರಿ. ರೋಗಿಯೇ ಶುಚಿಯಾದ ಕ್ಯಾಥೆಟರನ್ನು ಆಗಾಗ ತೂರಿಸಿ ತೆಗೆಯುತ್ತಿದ್ದರೆ ಮರುಕಳಿಕೆ ತಡವಾಗುತ್ತದೆ, ನಿಲ್ಲಿಸಿದರೆ ಬಹುಪಾಲು ಮತ್ತೆ ಕಾಣಿಸಿಕೊಳ್ಳುತ್ತದೆ.

ಒಮ್ಮೆ ಮರುಕಳಿಸಿದ್ದನ್ನು ಮತ್ತೆ ಮತ್ತೆ ಸೀಳಿಸಿಕೊಳ್ಳುವುದರಲ್ಲಿ ನಮಗೆ ಅರ್ಥ ಕಾಣದು. ಕಲೆಯನ್ನು ಕತ್ತರಿಸಿ ತೆಗೆದು ತುದಿಗಳನ್ನು ಜೋಡಿಸುವ, ಅಥವಾ ಕೆನ್ನೆಯ ಒಳಪೊರೆಯ ತೇಪೆ ಹಾಕುವ ಶಸ್ತ್ರಕ್ರಿಯೆ ಹೆಚ್ಚು ಬಾಳಿಕೆಯದು. ಸದಾ ಒದ್ದೆಯಲ್ಲಿದ್ದು ಪಳಗಿದ ಪೊರೆಯಲ್ಲವೆ ಅದು! ಇಲ್ಲಿ ಮಾತ್ರ ಹೊಲಿಗೆ ಕೂಡುವವರೆಗೆ, ಸಾಮಾನ್ಯವಾಗಿ ಎರಡು ಮೂರು ವಾರ, ಕ್ಯಾಥೆಟರ್ ಇರಲೇಬೇಕು. ಬೆಂಗಳೂರಿನ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಇಂತಹ ರೋಗಗಳಿಗೆಂದೇ ಇರುವುದು. ಕೋಲಾರದ ಟಮಕದಲ್ಲಿಯೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ನಾಚಿಕೆಯಿಂದ ಸುಮ್ಮನಿದ್ದು ಮೂತ್ರಪಿಂಡವನ್ನೇ ಕೆಡಿಸಿಕೊಂಡವರುಂಟು. ಪರೀಕ್ಷೆಯಾದರೋ ನೋವಿಲ್ಲದ್ದು: ಯಂತ್ರದ ಆಲಿಕೆಯೊಳಕ್ಕೆ ಮೂತ್ರ ಮಾಡಿದರೆ ಸಾಕು. ಆರೋಗ್ಯವಂತನ ಹರಿವಿನ ರೇಖೆ ಗಂಟೆಯ ಆಕಾರದಲ್ಲಿ ಏರಿ ಇಳಿಯುತ್ತದೆ. ಕಿರಿದಾದ ನಾಳದ್ದು ತುಸು ಏರಿ, ಚಪ್ಪಟೆಯಾಗಿ, ಬಹಳ ಹೊತ್ತು ಎಳೆಯುತ್ತ ಹೋಗುತ್ತದೆ.