ಹಳೆಯ ಗಣಕ ಕಡತಗಳಿಗೆ ಹೊಸ ಆಯುಷ್ಯ

ದೇಹಕ್ಕೆ ಕಾಲಕಾಲಕ್ಕೆ ತಪಾಸಣೆ ಅವಶ್ಯವಿರುವಂತೆ ಸಂಘದ ದಾಖಲೆಗಳಿಗೂ ಅದು ಅವಶ್ಯ. ಟಿ. ನಗರದಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರ ಹೆಸರು, ಹುಟ್ಟೂರು, ವಿಳಾಸ, ರಕ್ತದ ಗುಂಪುಗಳನ್ನು ಸದಸ್ಯರ ಪಟ್ಟಿಯಲ್ಲಿ ಬರೆದಿಟ್ಟಿರುತ್ತೇವೆ. ಯಾರಿಗೋ ತುರ್ತಾಗಿ ರಕ್ತ ಬೇಕಾದ ರಾತ್ರಿ ಆ ಪಟ್ಟಿ ಗಣಕಯಂತ್ರದಲ್ಲಿ ತೆರೆಯದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ.

1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಿಗೆ ಯಂತ್ರಗಳು ಬಂದವು. ಡಿಬೇಸ್, ಫಾಕ್ಸ್‌ಪ್ರೊಗಳ ಜೊತೆಗೆ 1992ರಲ್ಲಿ ಆಕ್ಸೆಸ್ ಸೇರಿತು. ಇವುಗಳಲ್ಲಿ ವಿಷುಯಲ್ ಫಾಕ್ಸ್‌ಪ್ರೊಗೆ ತಯಾರಕರ ಬೆಂಬಲ 2015ರಲ್ಲಿ ನಿಂತಿತು. ಆಕ್ಸೆಸ್ 97ರ ಕಡತಗಳನ್ನು ಅದರ 2013ರ ಮತ್ತು ಅನಂತರದ ಆವೃತ್ತಿಗಳು ತೆರೆಯವು. 2010ರ ಆವೃತ್ತಿಯಿರುವ ಯಂತ್ರದಲ್ಲಿ ಮೊದಲು ಅವನ್ನು ಪರಿವರ್ತಿಸಿಕೊಳ್ಳಬೇಕು.

ಒಂದೊಂದೇ ಕಡತವನ್ನು ಕೈಯಿಂದ ತೆರೆದು ಉಳಿಸುವುದು ಬೇಸರದ ಕೆಲಸ; ಬೇಸರವಿದ್ದಲ್ಲಿ ತಪ್ಪೂ ನುಸುಳುತ್ತದೆ. ಇದಕ್ಕೆ ಪರಿಹಾರವೇ ಸ್ಕ್ರಿಪ್ಟ್, ಅಂದರೆ ಗಣಕಕ್ಕೆ ಕೊಡುವ ಆದೇಶಗಳ ಕಿರುಪಟ್ಟಿ. ಅದರ ಸಾರ ಇಷ್ಟೆ: ಈ ಫೋಲ್ಡರಿನಲ್ಲಿರುವ ಪ್ರತಿಯೊಂದು ಹಳೆಯ ಕಡತವನ್ನೂ ತೆಗೆದುಕೊ, ಹೊಸ ರೂಪಕ್ಕೆ ಪರಿವರ್ತಿಸು, ಬೇರೆ ಫೋಲ್ಡರಿನಲ್ಲಿಡು, ಆಗದಿದ್ದರೆ ಅದರ ಹೆಸರನ್ನು ಬರೆದಿಟ್ಟು ಮುಂದೆ ಹೋಗು. ಡಿಬೇಸ್ ಕಡತಗಳಿಗೆ ಉಚಿತವಾಗಿ ದೊರೆಯುವ ಲಿಬ್ರೆಆಫೀಸಿನಲ್ಲಿ ಒಂದೇ ಸಾಲಿನ ಆದೇಶ ಸಾಕು. ಆಕ್ಸೆಸ್‌ನಲ್ಲಿ ಏಳೆಂಟು ಸಾಲುಗಳಾದಾವು. ಮೊದಲು ಮೂಲ ಕಡತಗಳ ಪ್ರತಿ ತೆಗೆದಿಡುವುದನ್ನು ಮಾತ್ರ ಮರೆಯಕೂಡದು.

ಕನ್ನಡದಲ್ಲಿ ಬರೆದ ಹೆಸರುಗಳಿಗೆ ಇನ್ನೊಂದು ತೊಡಕುಂಟು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕಡತಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇಲ್ಲದಿದ್ದರೆ ಹೆಸರು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ತುಣುಕಿಗೆ ತುಣುಕು ಬದಲಿಸಿದರೆ ಸಾಲದು. 'ಶರ್ಮ' ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ 'ಮ'ಕಾರದ ನಂತರ ಕಂಡರೂ ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಈ ಸ್ಥಾನಪಲ್ಲಟವನ್ನೂ ಸ್ಕ್ರಿಪ್ಟಿಗೆ ಹೇಳಿಕೊಡಬೇಕಾಗುತ್ತದೆ.

ಪರಿವರ್ತನೆಯಾದ ಮೇಲೆ ಬ್ಯಾಂಕಿನಲ್ಲಿ ದಿನದ ಕೊನೆಗೆ ತಾಳೆ ನೋಡುವಂತೆ ಇಲ್ಲಿಯೂ ನೋಡತಕ್ಕದ್ದು. ಸದಸ್ಯರ ಸಂಖ್ಯೆ, ಚಂದಾದ ಒಟ್ಟು ಮೊತ್ತ ಎರಡೂ ಕಡೆ ಒಂದೇ ಇರಬೇಕು. ಡಿಬೇಸ್‌ನಲ್ಲಿ ಅಳಿಸಿದ ದಾಖಲೆಯೂ ಬರಿಯ ಗುರುತು ಹೊತ್ತು ಕಡತದಲ್ಲೇ ಉಳಿಯಬಲ್ಲದು; ಎಣಿಕೆ ತಪ್ಪಿದರೆ ಮೊದಲು ಅದನ್ನು ಪರೀಕ್ಷಿಸಿ. '0047' ಎಂಬ ಸದಸ್ಯತ್ವದ ಸಂಖ್ಯೆ '47' ಆಗಿದೆಯೇ ಎಂಬುದನ್ನೂ ಗಮನಿಸಿ. ರಕ್ತದ ಗುಂಪಿನ ಮುಂದಿನ ಪಾಸಿಟಿವ್, ನೆಗೆಟಿವ್ ಗುರುತುಗಳನ್ನಂತೂ ಒಂದೊಂದಾಗಿ ಮೂಲದೊಡನೆ ಹೋಲಿಸಲೇಬೇಕು. ಅಲ್ಲಿ ತಪ್ಪಿಗೆ ಕ್ಷಮೆಯಿಲ್ಲ.

ಸದಸ್ಯರ ವಿವರಗಳನ್ನು ಅಪರಿಚಿತ ಜಾಲತಾಣಗಳಿಗೆ ಕಳಿಸದೆ ಸ್ವಂತ ಯಂತ್ರದಲ್ಲೇ ಈ ಕೆಲಸ ಮಾಡುವುದು ಕ್ಷೇಮ. ಹಿರಿಯರು ನಂಬಿ ಕೊಟ್ಟ ಮಾಹಿತಿಯನ್ನು ಮುಂದಿನವರ ಕೈಗೆ ಓದಬಲ್ಲ ರೂಪದಲ್ಲಿ ಒಪ್ಪಿಸುವುದು ನಮ್ಮೆಲ್ಲರ ಹೊಣೆಯಲ್ಲವೆ?