ಹಸಿರು ಪುಡಿ, ಮುದ್ದೆ ಊಟ, ಕೆಂಪು ಮಾತ್ರೆ

ಗಾಜಿನ ಲೋಟದಲ್ಲಿ ಬಿಸಿನೀರು ತೆಗೆದುಕೊಂಡು ಅರ್ಧ ಚಮಚ ಮಾಚಾ ಪುಡಿ ಕದಡಿ, ಹತ್ತು ನಿಮಿಷ ಅಲುಗಿಸದೆ ಇಟ್ಟು ನೋಡಿ. ಮೇಲೆ ತಿಳಿಹಸಿರು ನೀರು ನಿಲ್ಲುತ್ತದೆ, ತಳದಲ್ಲಿ ಕೆರೆಯ ಪಾಚಿಯಂಥ ದಟ್ಟ ಗಸಿ ಕೂರುತ್ತದೆ. ಈ ಪುಡಿ ನೀರಲ್ಲಿ ಕರಗುವುದಿಲ್ಲ, ಏಕೆಂದರೆ ಅದು ಟೀ ಎಲೆಯೇ. ಗಿಡಕ್ಕೆ ಕೆಲವು ವಾರ ನೆರಳು ಕಟ್ಟಿ ಬೆಳೆಸಿದ ಎಳೆ ಎಲೆಯನ್ನು ಹಬೆಯಲ್ಲಿ ಬಾಡಿಸಿ, ಒಣಗಿಸಿ, ನಾರು ತೆಗೆದು, ಕಲ್ಲಿನಲ್ಲಿ ಬೀಸಿದ್ದು. ಮಾಮೂಲಿ ಟೀಯಲ್ಲಿ ಎಲೆಯ ಸಾರ ಒಂದಿಷ್ಟು ನೀರಿಗಿಳಿದ ಮೇಲೆ ಸೋಸಿ ಚರಟವನ್ನು ತೆಂಗಿನ ಬುಡಕ್ಕೆ ಎಸೆಯುತ್ತೇವೆ. ಇಲ್ಲಿ ಎಸೆಯುವುದೇನೂ ಇಲ್ಲ, ಚರಟವೂ ಹೊಟ್ಟೆಗೇ. ಪುಡಿ ಮಾರುವವರು ಇದನ್ನೇ ದೊಡ್ಡ ಗುಣವೆಂದು ಹೇಳುತ್ತಾರೆ: ಎಲೆಯಲ್ಲಿರುವುದೆಲ್ಲ ನಿಮಗೇ ಸಿಗುತ್ತದೆ ಎಂದು. ಮಾತು ನಿಜ. ಆದರೆ ಎಲೆಯಲ್ಲಿರುವುದೆಲ್ಲ ನಮಗೆ ಬೇಕಾದದ್ದೇ ಎನ್ನುವಂತಿಲ್ಲ. ಬೆಂಗಳೂರಿನ ಕೆಫೆಗಳಲ್ಲಿ ಬಣ್ಣಕ್ಕೆ ಮೆಚ್ಚಿಕೊಂಡು ಕುಡಿಯುವ ಈ ಪೇಯ, ತೂಕ ಇಳಿಸುವ ಔಷಧಿಯ ಹೆಸರಿನಲ್ಲಿ ಹುಲಿಯೂರುದುರ್ಗದಂಥ ಹೋಬಳಿ ಊರಿಗೆ ಬಂದಾಗ ಅದರ ಅಡ್ಡ ಪರಿಣಾಮದ ಲೆಕ್ಕವೇ ಬೇರೆಯಾಗುತ್ತದೆ. ಪುಡಿ ಬದಲಾಗುವುದಿಲ್ಲ, ಅದರ ಜೊತೆಗಿನ ಊಟ ಬದಲಾಗುತ್ತದೆ.

ಟೀ ಎಲೆಯ ಒಗರು ಊಟದ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಅಡಿಕೆ ಬೇಯಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಣಿಗಲ್, ಗುಬ್ಬಿ ಸೀಮೆಯಲ್ಲಿ ಚೊಗರು ಎಂದರೇನೆಂದು ಎಲ್ಲರಿಗೂ ಗೊತ್ತು. ಹಸಿ ಅಡಿಕೆ ಕುದಿಸಿದಾಗ ನೀರಿಗಿಳಿಯುವ ಆ ಒಗರು ಕಬ್ಬಿಣಕ್ಕೆ ತಗುಲಿದರೆ ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಮೇಲೆ ಕಬ್ಬಿಣದ ಈಳಿಗೆಮಣೆಯ ಅಲಗು ಕಪ್ಪಾಗುವುದೂ ಇದೇ ಕಾರಣಕ್ಕೆ. ಹಿಂದೆ ಲೆಕ್ಕ ಬರೆಯುವವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದರು. ಒಗರು ಮತ್ತು ಕಬ್ಬಿಣ ಒಂದನ್ನೊಂದು ಹಿಡಿದುಕೊಂಡು ಕಾಗದದ ಮೇಲೆ ಅಳಿಸಲಾಗದ ಕಪ್ಪಾಗುತ್ತಿತ್ತು. ಈ ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿರುವುದೂ ಅದೇ ಜಾತಿಯ ಕಬ್ಬಿಣದ ಲವಣ. ಹಸಿರು ಟೀಯ ಒಗರಿಗೆ ಕ್ಯಾಟೆಚಿನ್ ಎಂದು ಹೆಸರು, ಅದರಲ್ಲಿ ಮುಖ್ಯವಾದದ್ದು ಇಜಿಸಿಜಿ. ಸೊಪ್ಪು, ಕಾಳು, ರಾಗಿಯಿಂದ ಬಿಡುಗಡೆಯಾದ ಕಬ್ಬಿಣ ಕರುಳಿನಲ್ಲಿರುವಾಗ ಈ ಒಗರು ಬಂದು ಸೇರಿಕೊಂಡರೆ, ಶಾಯಿ ದೌತಿಯಲ್ಲಿ ಆಗುತ್ತಿದ್ದುದೇ ಅಲ್ಲೂ ಆಗುತ್ತದೆ. ಕಟ್ಟುಬಿದ್ದ ಕಬ್ಬಿಣ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಗೆ ಹೋಗುತ್ತದೆ.

ಎಷ್ಟು ಹೋಗುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಒಂದು ಕಪ್ ಟೀ ಕುಡಿದಾಗ ಕಬ್ಬಿಣ ಹೀರಿಕೆ ಶೇ. 64ರಷ್ಟು ಇಳಿಯಿತು, ಕಾಫಿ ಕುಡಿದಾಗ ಶೇ. 39ರಷ್ಟು. ಅದೇ ಅಧ್ಯಯನದ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ: ಊಟಕ್ಕೆ ಒಂದು ಗಂಟೆ ಮುಂಚೆ ಕಾಫಿ ಕುಡಿದರೆ ತೊಂದರೆಯೇನೂ ಕಾಣಲಿಲ್ಲ, ಊಟವಾದ ಒಂದು ಗಂಟೆಗೆ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ನಷ್ಟವಾಯಿತು. ಬ್ರಿಟನ್ನಿನಲ್ಲಿ 12 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗಂಟೆಯ ಅಂತರದಿಂದ ಟೀಯ ತಡೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಊಟಕ್ಕೆ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಟೀ ಕಾಫಿ ಬೇಡ ಎನ್ನುವುದು ಇದಕ್ಕೇ. ಊಟದ ನಂತರದ ಅಂತರ ಎರಡು ಗಂಟೆಯಾದರೆ ಇನ್ನೂ ಒಳ್ಳೆಯದೆಂದು ನನ್ನ ಅನಿಸಿಕೆ. ನಮ್ಮ ಸೀಮೆಯ ಊಟವನ್ನು ನೋಡಿದರೆ ಇದು ಅತಿ ಎಚ್ಚರಿಕೆ ಅನಿಸುವುದಿಲ್ಲ. ಮುದ್ದೆ, ಬಸ್ಸಾರು, ಉಪ್ಸಾರು, ಅವರೆಕಾಳು, ಹುರುಳಿ ಇವೇ ದಿನದ ಊಟ. ಮಾಂಸ ವಾರಕ್ಕೋ ಹಬ್ಬಕ್ಕೋ. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ, ಆದರೆ ರಾಗಿಯ ತೌಡಿನಲ್ಲೇ ಒಗರೂ ಫೈಟೇಟೂ ಇರುವುದರಿಂದ ದೇಹಕ್ಕೆ ದಕ್ಕುವುದು ಅದರಲ್ಲಿ ಸ್ವಲ್ಪ. ದಕ್ಕುವ ಆ ಸ್ವಲ್ಪದ ಮೇಲೆ ಊಟ ಮುಗಿದ ಕೂಡಲೇ ಹಸಿರು ಪುಡಿಯ ಲೋಟ ಬಂದು ಬೀಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ತೂಕ ಇಳಿಸಲು ಈ ಪುಡಿ ಕೊಳ್ಳುವವರಲ್ಲಿ ಈ ವಯಸ್ಸಿನ ಹೆಣ್ಣುಮಕ್ಕಳೂ ಇದ್ದಾರೆ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಕಾಣಿಸಿಕೊಂಡಾಗ ‘ಡಯಟ್ ಮಾಡ್ತಿದೀನಲ್ಲ, ಅದಕ್ಕೇ’ ಎಂದುಕೊಂಡು ಸುಮ್ಮನಾಗುವ ಅಪಾಯ ಇಲ್ಲಿದೆ.

ಜಪಾನಿನವರು ಎಂಟುನೂರು ವರ್ಷದಿಂದ ಕುಡಿಯುತ್ತಿದ್ದಾರಲ್ಲ, ಅವರಿಗೇನಾಗಿದೆ ಎಂದು ಕೇಳಬಹುದು. ಐಸಾಯ್ ಎಂಬ ಬೌದ್ಧ ಗುರು ಚೀನಾದಿಂದ 1191ರಲ್ಲಿ ಟೀ ಬೀಜ ತಂದು, 1211ರಲ್ಲಿ ಟೀಯ ಗುಣಗಳ ಬಗ್ಗೆ ಪುಸ್ತಕವನ್ನೇ ಬರೆದದ್ದು ನಿಜ. ಆದರೆ ಜಪಾನಿನ ಮನೆಗಳಲ್ಲಿ ದಿನವೂ ಕುಡಿಯುವುದು ಬಹುಮಟ್ಟಿಗೆ ಎಲೆಯನ್ನು ನೀರಲ್ಲಿ ನೆನೆಸಿ ಸೋಸಿದ ಹಸಿರು ಟೀ. ಮಾಚಾ ಪುಡಿ ಚಹಾಕೂಟದ ಪೇಯವಾಗಿ ಬೆಳೆದದ್ದು. ಆ ಕೂಟದ ಕ್ರಮವನ್ನೇ ನೋಡಿ: ಗಟ್ಟಿ ಮಾಚಾ ಕೊಡುವ ಮೊದಲು ಅತಿಥಿಗೆ ಊಟ ಬಡಿಸುತ್ತಾರೆ, ತೆಳು ಮಾಚಾಕ್ಕೆ ಮೊದಲು ಸಿಹಿ ಕೊಡುತ್ತಾರೆ. ಬರಿಹೊಟ್ಟೆಗೆ ಒಗರು ಬಿದ್ದರೆ ಹೊಟ್ಟೆ ತೊಳಸುತ್ತದೆ ಎಂಬುದು ಅವರಿಗೆ ತಿಳಿದಿತ್ತು. ನಮ್ಮಲ್ಲಿ ಹಬ್ಬಿರುವ ಸಲಹೆ ಅದಕ್ಕೆ ಸರಿಯಾಗಿ ಉಲ್ಟಾ, ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ. ಅವರ ಊಟದಲ್ಲಿ ಮೀನು ಧಾರಾಳ, ಮೀನು ಮಾಂಸದಲ್ಲಿ ಸಿಗುವ ಹೀಮ್ ಕಬ್ಬಿಣವನ್ನು ಟೀ ಅಷ್ಟಾಗಿ ತಡೆಯುವುದಿಲ್ಲ. ಇಷ್ಟೆಲ್ಲ ಇದ್ದೂ, ಬಸಿರಿನಲ್ಲಿ ಹಸಿರು ಟೀ ಹೆಚ್ಚು ಕುಡಿದವರ ರಕ್ತದಲ್ಲಿ ಫೋಲೇಟ್ ಕಡಿಮೆ ಇತ್ತೆಂದು 2010ರಲ್ಲಿ ವರದಿಯಾದದ್ದು ಜಪಾನಿನಲ್ಲೇ. ಹುಟ್ಟುವ ಮಗುವಿನ ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಬೇಕಾದ ವಿಟಮಿನ್ ಅದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ನಾವು ಹೇಗೂ ದಿನಕ್ಕೆ ಮೂರು ನಾಲ್ಕು ಸಲ ಟೀ ಕಾಫಿ ಕುಡಿಯುತ್ತೇವೆ, ಈ ಪುಡಿಯೊಂದನ್ನೇ ಏಕೆ ದೂರಬೇಕು? ದೂರಬೇಕಾಗಿಲ್ಲ, ಒಪ್ಪುತ್ತೇನೆ. ಹಾಲು ಹಾಕಿದ ಟೀಯೂ ಕಬ್ಬಿಣ ತಡೆಯುತ್ತದೆ, ಮೇಲೆ ಹೇಳಿದ ಅಂತರ ಅದಕ್ಕೂ ಅನ್ವಯ. ಚೆನ್ನಾಗಿ ಮಾಂಸ ಮೀನು ತಿನ್ನುವ, ರಕ್ತ ತುಂಬಿಕೊಂಡಿರುವ ಜನರಲ್ಲಿ ಟೀಯಿಂದ ಕಬ್ಬಿಣದ ಕೊರತೆ ಬಂದದ್ದು ಕಾಣುವುದಿಲ್ಲ ಎಂಬುದೂ ಬ್ರಿಟನ್ನಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರ ಮಾತು. ಆದರೆ ಮಾಮೂಲಿ ಟೀಯನ್ನು ಯಾರೂ ಆರೋಗ್ಯಕ್ಕೆಂದು ಕುಡಿಯುವುದಿಲ್ಲ. ಅದು ಚಟವೆಂದು ಕುಡಿಯುವವರಿಗೂ ಗೊತ್ತು, ಮೂರು ಲೋಟ ಆದ ಮೇಲೆ ಮನೆಯಲ್ಲಿ ಯಾರಾದರೂ ಸಾಕು ಎನ್ನುತ್ತಾರೆ. ಔಷಧಿಯೆಂದು ನಂಬಿ ಕುಡಿಯುವುದಕ್ಕೆ ಸಾಕು ಎನ್ನುವವರಿಲ್ಲ. ಒಂದು ಚಮಚ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಅನಿಸುತ್ತದೆ. ಎರಡು ಗ್ರಾಂ ಪುಡಿಯಲ್ಲಿ ಸುಮಾರು 40ರಿಂದ 90 ಮಿಲಿಗ್ರಾಂ ಕೆಫೀನ್ ಇರಬಹುದು, ಅಂದರೆ ಒಂದು ಲೋಟ ಕಾಫಿಯ ಹತ್ತಿರಕ್ಕೆ. ಮಾಮೂಲಿ ಟೀ ಕಾಫಿಯನ್ನೂ ಬಿಡದೆ ಇದನ್ನೂ ಸೇರಿಸಿಕೊಂಡವರಿಗೆ ರಾತ್ರಿ ನಿದ್ದೆ ಬಾರದಿರುವುದು, ಎದೆ ಡವಗುಟ್ಟುವುದು, ಕೈ ಸಣ್ಣಗೆ ನಡುಗುವುದು ಯಾವುದೋ ಹೊಸ ರೋಗದಂತೆ ಕಾಣುತ್ತದೆ. ‘ಹಸಿರು’ ಎಂಬ ಮಾತು ಕಿವಿಗೆ ತಂಪಾಗಿ ಕೇಳುವುದರಿಂದ ಅನುಮಾನ ಅದರ ಕಡೆ ಹೋಗುವುದೇ ಇಲ್ಲ.

ಲಿವರಿನ ವಿಷಯದಲ್ಲಿ ಹೆದರಿಸುವ ಮಾತುಗಳು ಬಹಳ ಓಡಾಡುತ್ತವೆ, ಅಲ್ಲಿ ಅಳತೆ ತಪ್ಪಬಾರದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದ್ದು ಇಷ್ಟು: ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಟೀ ಸಾರದಿಂದ ಮಾಡಿದ ಮಾತ್ರೆಗಳ ರೂಪದಲ್ಲಿ ತೆಗೆದುಕೊಂಡವರಲ್ಲಿ ಲಿವರ್ ಪೆಟ್ಟಾದ ಸೂಚನೆ ರಕ್ತದಲ್ಲಿ ಕಂಡಿದೆ, ನೆನೆಸಿ ಕುಡಿಯುವ ಟೀ ಸಾಮಾನ್ಯವಾಗಿ ಸುರಕ್ಷಿತ. ಒಂದೆರಡು ಗ್ರಾಂ ಮಾಚಾದಲ್ಲಿ ಅಷ್ಟು ಇಜಿಸಿಜಿ ಇರುವುದಿಲ್ಲ. ಆದರೆ ಪುಡಿಯ ಜೊತೆಗೆ ‘ಫ್ಯಾಟ್ ಬರ್ನರ್’ ಮಾತ್ರೆ ನುಂಗಿ, ಊಟವನ್ನೂ ಬಿಟ್ಟವರ ಲೆಕ್ಕ ಹಾಗಲ್ಲ. ಖಾಲಿ ಹೊಟ್ಟೆಯಲ್ಲಿ ಇಜಿಸಿಜಿ ರಕ್ತಕ್ಕೆ ಹೆಚ್ಚು ಏರುತ್ತದೆ. ಹುಟ್ಟಿನಿಂದ ಬಂದ ಯಾವುದೋ ಗುಣದಿಂದ ಕಡಿಮೆ ಪ್ರಮಾಣಕ್ಕೇ ಲಿವರ್ ಕೆಡುವ ಕೆಲವರೂ ಇದ್ದಾರೆ. ಯುರೋಪ್ ಒಕ್ಕೂಟ 2022ರಲ್ಲಿ ಇಂಥ ಸಾರದ ಉತ್ಪನ್ನಗಳ ಪೊಟ್ಟಣದ ಮೇಲೆ ಖಾಲಿ ಹೊಟ್ಟೆಗೆ ಬೇಡ, ಗರ್ಭಿಣಿ ಬಾಣಂತಿಯರಿಗೆ ಬೇಡ, 18ರೊಳಗಿನವರಿಗೆ ಬೇಡ ಎಂದು ಬರೆಯುವುದನ್ನು ಕಡ್ಡಾಯ ಮಾಡಿತು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಪುಡಿಯನ್ನೂ ಮಾತ್ರೆಯನ್ನೂ ಅಂದೇ ನಿಲ್ಲಿಸಿ ವೈದ್ಯರಿಗೆ ಎರಡರ ಹೆಸರನ್ನೂ ಹೇಳಬೇಕು.

ಎಲೆಯನ್ನೇ ನುಂಗುವುದರಿಂದ ಬರುವ ತೊಡಕು ಇನ್ನೂ ಒಂದೆರಡಿವೆ. ವಿಟಮಿನ್ ಕೆ ನೀರಿಗಿಳಿಯದೆ ಎಲೆಯಲ್ಲೇ ಉಳಿಯುವಂಥದ್ದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಸೋಸಿದ ಟೀ ಕುಡಿದರೆ ಅದು ಹೆಚ್ಚೇನೂ ಬರುವುದಿಲ್ಲ, ಪುಡಿಯಲ್ಲಿ ಬಂದು ಔಷಧಿಯ ಕೆಲಸವನ್ನು ಕುಂದಿಸಬಹುದು. ಥೈರಾಯ್ಡ್ ಮಾತ್ರೆಯನ್ನೂ ಈ ಪುಡಿ ಕದಡಿದ ನೀರಿನಲ್ಲಲ್ಲ, ಬರೀ ನೀರಿನಲ್ಲೇ ನುಂಗಬೇಕು. ಟೀ ಗಿಡ ಮಣ್ಣಿನಿಂದ ಫ್ಲೋರೈಡನ್ನೂ ಎಳೆದು ಎಲೆಯಲ್ಲಿ ಕೂಡಿಡುತ್ತದೆ, ಬಲಿತ ಎಲೆಯಲ್ಲಿ ಹೆಚ್ಚು. ಒಳ್ಳೆಯ ಮಾಚಾ ಎಳೆ ಎಲೆಯದು, ಅಗ್ಗದ ಹಸಿರು ಪುಡಿ ಯಾವ ಎಲೆಯದೋ. ನಮ್ಮದೇ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿ, ಹಲ್ಲು ಕಂದಿ ಮೂಳೆ ಬಾಗಿದವರನ್ನು ಕಂಡಿದ್ದೇವೆ. ಅಂಥ ನೀರು ಕುಡಿಯುವ ಊರಿನಲ್ಲಿ ಇದೂ ಒಂದು ಸೇರಿಕೊಳ್ಳುವುದು ಬೇಡ.

ಹಾಗಾದರೆ ಇಷ್ಟಪಟ್ಟು ಕೊಂಡವರು ಪುಡಿಯನ್ನು ಚೆಲ್ಲಬೇಕೇ? ಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಮಧ್ಯಾಹ್ನ ಒಂದೂವರೆಗೆ ಮುದ್ದೆ ಉಂಡವರು ನಾಲ್ಕು ಗಂಟೆಗೆ ಒಂದು ಗ್ರಾಂ ಪುಡಿಯಷ್ಟು, ಜೊತೆಗೆ ತಿನ್ನಲು ಏನಾದರೂ ಇಟ್ಟುಕೊಂಡು ಕುಡಿಯಬಹುದು. ಸಂಜೆಯ ಟೀಗೆ ಬದಲಾಗಿ, ಅದರ ಮೇಲಿನ್ನೊಂದಾಗಿ ಅಲ್ಲ. ಬಸ್ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಹುಳಿ ಕಬ್ಬಿಣ ದಕ್ಕಿಸಿಕೊಡುತ್ತದೆ. ಬಸುರಿಗೆ 180 ದಿನ ನುಂಗಬೇಕಾದ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ, ಮೇಲೆ ಹೇಳಿದ ಅಂತರ ಅದಕ್ಕೂ ಬೇಕು. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ಮಾತ್ರೆ ಎಣಿಸಿ ಕೊಡುವಾಗ, ‘ಯಾವ ಹೊತ್ತಿಗೆ ನುಂಗ್ತೀರಮ್ಮ, ಹಿಂದೆ ಮುಂದೆ ಏನು ಕುಡೀತೀರಾ?’ ಎಂದು ಒಂದು ಮಾತು ಕೇಳಿದರೆ, ಆ ಮನೆಯ ಅಡುಗೆಕಟ್ಟೆಯ ಮೇಲೆ ಹಸಿರು ಡಬ್ಬಿ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.